1692ರ ಒಂದು ಉಯಿಲು: 'ಅಳಿಯ' ಎಂಬ ಪದ ಮತ್ತು ಓದಲಾಗದ ಮೂರು ಸಾಲುಗಳು

ಗಣಿಯೂರಿನ ಮರಿಮಗಳು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ಮುತ್ತಜ್ಜ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯದಿಂದ ಕೋಲಾರದ ಚಿನ್ನದ ಗಣಿಗೆ ಮೇಲ್ವಿಚಾರಕರಾಗಿ ಬಂದವರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಅಲ್ಲಿ ಕೆಲಸ ಆರಂಭಿಸಿದ ಮೇಲೆ, ತವರ ಮತ್ತು ತಾಮ್ರದ ಗಣಿಗಳಲ್ಲಿ ಪಳಗಿದ ಕಾರ್ನ್‌ವಾಲಿನ ಕೆಲಸಗಾರರು ಅನೇಕರು ಕೋಲಾರಕ್ಕೆ ಬಂದರೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಕಳೆದ ಆರು ವರ್ಷಗಳಿಂದ ಅವರ ಮನೆತನದ ಜಾಡು ಹಿಡಿದು ಹಿಂದಕ್ಕೆ ಹೋಗುತ್ತಾ, ಈಗ 17ನೆಯ ಶತಮಾನದ ಕೊನೆಗೆ ಬಂದು ನಿಂತಿದ್ದೇನೆ.

ರೆಡ್‌ರೂತ್ ಪಟ್ಟಣದಲ್ಲಿರುವ ಕಾರ್ನ್‌ವಾಲಿನ ದಾಖಲೆ ಭಂಡಾರ ಕ್ರೆಸೆನ್ ಕೆರ್ನೋದಿಂದ ಒಂದು ಉಯಿಲಿನ ಪ್ರತಿಯನ್ನು ತರಿಸಿಕೊಂಡಿದ್ದೇನೆ. ಅದನ್ನು ಬರೆಸಿದವನು ತವರದ ಗಣಿಯಲ್ಲಿ ದುಡಿಯುತ್ತಿದ್ದವನು. ಉಯಿಲಿನ ದಿನಾಂಕ 1692ರ ಫೆಬ್ರವರಿ 10. ಚರ್ಚಿನ ನ್ಯಾಯಾಲಯದಲ್ಲಿ ಅದಕ್ಕೆ ಪ್ರೊಬೇಟ್, ಅಂದರೆ ಉಯಿಲು ಸಿಂಧುವೆಂಬ ಮಾನ್ಯತೆ, ದೊರೆತದ್ದು 1693ರ ಏಪ್ರಿಲ್‌ನಲ್ಲಿ. ಪ್ಯಾರಿಷ್ ರಿಜಿಸ್ಟರಿನಲ್ಲಿ, ಅಂದರೆ ಊರಿನ ಚರ್ಚಿನ ದಾಖಲೆ ಪುಸ್ತಕದಲ್ಲಿ, ಆತನನ್ನು ಹೂಳಿದ ದಿನ 1692ರ ಮಾರ್ಚ್ 3 ಎಂದಿದೆ. ಆತನ ಮಗಳು ಗ್ರೇಸ್‌ಗೆ ದೀಕ್ಷಾಸ್ನಾನ ಮಾಡಿಸಿದ್ದು 1692ರ ಮೇ 15ರಂದು. ಹೀಗಾಗಿ ತಂದೆ ತೀರಿಕೊಂಡ ಮೇಲೆ ಹುಟ್ಟಿದ ಮಗು ಎಂದು ವಂಶವೃಕ್ಷದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಉಯಿಲಿನಲ್ಲಿ ಜಾನ್ ಎಂಬಾತನನ್ನು 'ಸನ್ ಇನ್ ಲಾ', ಅಂದರೆ ಅಳಿಯ, ಎಂದು ಕರೆಯಲಾಗಿದೆ. ನಾನು ಈ ಜಾನ್‌ನ ವಂಶಕ್ಕೆ ಸೇರಿದವಳು. ಆದ್ದರಿಂದ ಉಯಿಲು ಬರೆಸಿದಾತನ ಮಗಳೊಬ್ಬಳು ನನ್ನ ಮೂಲಜ್ಜಿ ಎಂದು ಭಾವಿಸಿದ್ದೇನೆ. ಆದರೆ ಆಕೆಯ ಹೆಸರು ಉಯಿಲಿನಲ್ಲಿ ಎಲ್ಲಿಯೂ ಸಿಗುತ್ತಿಲ್ಲ.

ಮೂರು ಸಾಲುಗಳು ಎಷ್ಟು ನೋಡಿದರೂ ಅರ್ಥವಾಗಿಲ್ಲ. ಮೊದಲನೆಯದು, ದಿನಾಂಕದ ಪಕ್ಕದಲ್ಲಿ ರಾಜನ ಹೆಸರಿಗೆ ಮುಂಚೆ ಬರುವ ಒಂದು ಪದ. ಎರಡನೆಯದು, ಜಾನ್‌ಗೆ ಕೊಟ್ಟ ಹಣದ ಸಾಲು. ಅದರಲ್ಲಿ 'ವಿ' ಅಕ್ಷರವೂ ಅದರ ಮೇಲೆ ಸಣ್ಣದಾಗಿ 'ಎಲ್‌ಐ' ಎಂಬಂತೆ ಏನೋ ಇವೆ. ಮೂರನೆಯದು, ಮನೆ ಮತ್ತು ಜಮೀನಿನ ಬಗೆಗಿನ ಉದ್ದನೆಯ ವಾಕ್ಯ. ಚಿತ್ರಗಳನ್ನು ಲಗತ್ತಿಸಿದ್ದೇನೆ. ಹಣ ಕೊಟ್ಟು ಒಬ್ಬರಿಂದ ಓದಿಸಿದ್ದೆ. ಆದರೆ ಅವರು ಕೊಟ್ಟ ಪ್ರತಿಯಲ್ಲಿ ಈ ಮೂರೂ ಕಡೆ ಬರೀ ಚುಕ್ಕೆಗಳಿದ್ದವು. ದಯವಿಟ್ಟು ದಾರಿ ತೋರಿಸಿ.

ಕಡತವಾಚಕ, ಬ್ರಿಸ್ಟಲ್

ನಮಸ್ಕಾರ ಮೇಡಂ. ಅಕ್ಷರಗಳಿಗೆ ಹೋಗುವ ಮೊದಲು ದಿನಾಂಕಗಳನ್ನು ಸರಿಪಡಿಸಿಕೊಳ್ಳೋಣ, ಏಕೆಂದರೆ ನಿಮ್ಮ ವಂಶವೃಕ್ಷದಲ್ಲಿರುವ ಮೊದಲ ತೊಡಕು ಅಲ್ಲಿಯೇ ಇದೆ.

ಇಂಗ್ಲೆಂಡಿನಲ್ಲಿ 1751ರವರೆಗೆ ಕಾನೂನಿನ ಲೆಕ್ಕದಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಜನವರಿ 1ರಂದಲ್ಲ, ಮಾರ್ಚ್ 25ರಂದು. ನಮ್ಮಲ್ಲಿ ಯುಗಾದಿಗೆ ಸಂವತ್ಸರ ಬದಲಾಗುವುದನ್ನು ನೆನೆದರೆ ಇದು ತಕ್ಷಣ ಮನಸ್ಸಿಗೆ ಹತ್ತುತ್ತದೆ. ಅಂದರೆ 1692ರ ಡಿಸೆಂಬರ್ ಮುಗಿದ ಮೇಲೆ ಬಂದ ಜನವರಿ, ಫೆಬ್ರವರಿ ಮತ್ತು ಮಾರ್ಚ್ 24ರವರೆಗಿನ ದಿನಗಳು ಕೂಡ 1692ಕ್ಕೇ ಸೇರುತ್ತಿದ್ದವು. ಆದ್ದರಿಂದ ನಿಮ್ಮ ಉಯಿಲಿನ ದಿನಾಂಕ ನಮ್ಮ ಇಂದಿನ ಲೆಕ್ಕದಲ್ಲಿ 1693ರ ಫೆಬ್ರವರಿ 10 ಆಗುತ್ತದೆ. ಆತನನ್ನು ಹೂಳಿದ್ದು 1693ರ ಮಾರ್ಚ್ 3ರಂದು. ಪ್ರೊಬೇಟ್ ಅದರ ಮುಂದಿನ ತಿಂಗಳೇ ಆಯಿತು. ಗ್ರೇಸ್‌ಳ ದೀಕ್ಷಾಸ್ನಾನವಾದ ಮೇ ತಿಂಗಳು ಇದಕ್ಕೆಲ್ಲ ಮೊದಲಿನದು. ಆಕೆ ತಂದೆ ಸತ್ತ ಮೇಲೆ ಹುಟ್ಟಿದವಳಲ್ಲ. ತಂದೆ ಕಣ್ಣುಮುಚ್ಚಿದಾಗ ಆಕೆಗೆ ಸುಮಾರು ಹತ್ತು ತಿಂಗಳು ತುಂಬಿತ್ತು. ಇಂಥ ದಿನಾಂಕಗಳನ್ನು 1692/3 ಎಂದು ಎರಡೂ ವರ್ಷ ತೋರಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೂಲದಲ್ಲಿ ಇರುವ ಸಂಖ್ಯೆಯನ್ನು ಮಾತ್ರ ಎಂದಿಗೂ ತಿದ್ದಬೇಡಿ.

ಇದು ನನ್ನ ಊಹೆಯಲ್ಲ ಎಂಬುದಕ್ಕೆ ಸಾಕ್ಷಿ ನಿಮ್ಮ ಮೊದಲನೆಯ ಓದಲಾಗದ ಪದದಲ್ಲೇ ಇದೆ. ಅದು 'ಫೋರ್ತ್', ಅಂದರೆ ನಾಲ್ಕನೆಯ. 'ವಿಲಿಯಂ ಮತ್ತು ಮೇರಿಯವರ ಆಳ್ವಿಕೆಯ ನಾಲ್ಕನೆಯ ವರ್ಷದಲ್ಲಿ' ಎಂಬುದು ಆ ಸಾಲು. ಅವರಿಬ್ಬರ ಆಳ್ವಿಕೆಯ ವರ್ಷಗಳು ಪ್ರತಿ ಫೆಬ್ರವರಿ 13ರಿಂದ ಎಣಿಕೆಯಾಗುತ್ತವೆ, ಏಕೆಂದರೆ ಅವರು ಸಿಂಹಾಸನವೇರಿದ್ದು ಇಂದಿನ ಲೆಕ್ಕದ 1689ರ ಫೆಬ್ರವರಿ 13ರಂದು. ನಾಲ್ಕನೆಯ ವರ್ಷವೆಂದರೆ 1692ರ ಫೆಬ್ರವರಿ 13ರಿಂದ 1693ರ ಫೆಬ್ರವರಿ 12ರವರೆಗೆ. ಫೆಬ್ರವರಿ 10 ನಾಲ್ಕನೆಯ ವರ್ಷದೊಳಗೆ ಬರಬೇಕಾದರೆ ಅದು 1693ರದ್ದೇ ಆಗಿರಬೇಕು. ಇಂದಿನ ಲೆಕ್ಕದ 1692ರದ್ದಾಗಿದ್ದರೆ ಮೂರನೆಯ ವರ್ಷ ಎಂದು ಬರೆದಿರುತ್ತಿದ್ದರು. ಕೇವಲ ಮೂರು ದಿನಗಳ ಅಂತರದಲ್ಲಿ ಇಷ್ಟು ಖಚಿತವಾದ ತಾಳೆ ಸಿಕ್ಕುವುದು ಅಪರೂಪ, ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನು ಅಕ್ಷರಗಳು. ಆ ಹೊತ್ತಿಗೆ ಸೆಕ್ರೆಟರಿ ಎಂದು ಕರೆಯುವ ಹಳೆಯ ಕೈಬರಹ ಹಿಂದೆ ಸರಿಯುತ್ತಿತ್ತಾದರೂ, ಈ ಬರಹಗಾರ ಅದರ ಕೆಲವು ಅಕ್ಷರಗಳನ್ನು ಉಳಿಸಿಕೊಂಡಿದ್ದಾನೆ. ಆತನ 'ಇ' ಅಕ್ಷರ ಹಿಂದುಮುಂದಾದಂತೆ ಕಾಣುತ್ತದೆ. ಆತನ 'ಸಿ' ನಮ್ಮ ಕಣ್ಣಿಗೆ 'ಆರ್' ಆಗಿ ಕಾಣುತ್ತದೆ. 'ಎಚ್' ಅಕ್ಷರದ ಬಾಲ ಸಾಲಿನಿಂದ ಕೆಳಗಿಳಿದು ಸುತ್ತಿಕೊಳ್ಳುತ್ತದೆ. ನಿಮಗೆ 'ಫೋರ್ತ್' ಎಂಬುದು ಸಿಗದಿದ್ದದ್ದು ಕೊನೆಯ ಆ 'ಎಚ್' ಅನ್ನು 'ವೈ' ಎಂದು ಓದಿದ್ದರಿಂದ ಇರಬೇಕು. ಪದದ ನಡುವಿನ ಉದ್ದನೆಯ 'ಎಸ್' ಅನ್ನು 'ಎಫ್' ಎಂದು ತಿಳಿಯುವ ತಪ್ಪು ಎಲ್ಲರೂ ಮಾಡುವಂಥದ್ದು; 'ಎಫ್'ಗೆ ಅಡ್ಡಗೀಟು ಎರಡೂ ಬದಿಗೆ ಚಾಚಿರುತ್ತದೆ, 'ಎಸ್'ಗೆ ಅದು ಇರುವುದಿಲ್ಲ ಅಥವಾ ಎಡಕ್ಕೆ ಮಾತ್ರ ಇಣುಕುತ್ತದೆ.

ಎರಡನೆಯ ಮತ್ತು ಮೂರನೆಯ ಸಾಲನ್ನು ನಾನು ಈಗಲೇ ಹೇಳಿಬಿಡಬಹುದು. ಆದರೆ ನೀವೇ ಓದಿದರೆ ಮುಂದಿನ ಹತ್ತು ದಾಖಲೆಗಳಿಗೂ ದಾರಿಯಾಗುತ್ತದೆ. ಉಯಿಲಿನ ಆರಂಭದ ಭಾಗ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತದೆ: ದೇವರ ಹೆಸರಿನಲ್ಲಿ ಆಮೆನ್, ದೇಹದಲ್ಲಿ ಅಸ್ವಸ್ಥ, ಆದರೆ ನೆನಪಿನಲ್ಲಿ ಸ್ವಸ್ಥ, ಆತ್ಮವನ್ನು ದೇವರಿಗೆ, ದೇಹವನ್ನು ಮಣ್ಣಿಗೆ. ಈ ಮಾತುಗಳು ನಿಮಗೆ ಮೊದಲೇ ಗೊತ್ತು. ಅವುಗಳಿಂದ ಒಂದೊಂದು ಅಕ್ಷರವನ್ನೂ ಎತ್ತಿ, ಬಿಳಿ ಹಾಳೆಯ ಮೇಲೆ ಆತನದೇ ವರ್ಣಮಾಲೆ ಮಾಡಿಕೊಳ್ಳಿ. ಆಮೇಲೆ ಕಷ್ಟದ ಸಾಲಿಗೆ ಬನ್ನಿ.

ಮೋಡಿ ಬಲ್ಲವರು, ಧಾರವಾಡ

ನನಗೆ ಇಂಗ್ಲೆಂಡಿನ ದಾಖಲೆಗಳ ಪರಿಚಯವಿಲ್ಲ. ಈ ಭಾಗದ ಹಳೆಯ ಕಂದಾಯ ಕಾಗದಗಳನ್ನು ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಓಡುಬರಹ) ಓದುತ್ತಾ ಮೂವತ್ತು ವರ್ಷ ಕಳೆದಿದ್ದೇನೆ. ಕಡತವಾಚಕರು ಹೇಳಿದ ವರ್ಣಮಾಲೆಯ ವಿಧಾನವನ್ನೇ ನನ್ನ ಗುರುಗಳೂ ನನಗೆ ಹೇಳಿಕೊಟ್ಟಿದ್ದರು. ಲೇಖಣಿ ಎತ್ತದೆ ಬರೆದ ಮೋಡಿಯಲ್ಲಿ ಒಂದು ಅಕ್ಷರ ಇನ್ನೊಂದರೊಳಗೆ ಕರಗಿಹೋಗಿರುತ್ತದೆ. ಆಗ ಅಕ್ಷರವನ್ನು ಪುಸ್ತಕದ ಮಾದರಿಗೆ ಹೋಲಿಸುವುದಕ್ಕಿಂತ ಅದೇ ಕುಲಕರ್ಣಿ ಅದೇ ಕಾಗದದಲ್ಲಿ ಬರೆದ ಇನ್ನೊಂದು ಅಕ್ಷರಕ್ಕೆ ಹೋಲಿಸುವುದೇ ಸರಿಯಾದ ಕ್ರಮ.

ಒಂದು ಮಾತು ಸೇರಿಸುತ್ತೇನೆ. ನಮ್ಮ ಹಿರಿಯರು ಇನಾಮು ಪಡೆದವರೆಂದು ಮನೆಯಲ್ಲಿ ಹೇಳುತ್ತಿದ್ದರು. ಒಂದು ಕಾಗದದಲ್ಲಿ ಆ ಊರಿನ ಹೆಸರನ್ನು ಕಂಡೆನೆಂದು ಎರಡು ವರ್ಷ ನಂಬಿದ್ದೆ. ಕೊನೆಗೆ ಅದೇ ಕಾಗದದ ಬೇರೆ ಸಾಲಿನೊಂದಿಗೆ ಹೋಲಿಸಿದಾಗ ಅದು ಊರಿನ ಹೆಸರಲ್ಲ, ಒಂದು ತೆರಿಗೆಯ ಹೆಸರು ಎಂದು ತಿಳಿಯಿತು. ಮನಸ್ಸು ಬಯಸಿದ್ದನ್ನು ಕಣ್ಣು ಓದಿತ್ತು. ಆದ್ದರಿಂದ ಮೇಡಂ, ಜಾನ್‌ನ ಹೆಂಡತಿಯ ಹೆಸರನ್ನು ಹುಡುಕುತ್ತಾ ಓದಬೇಡಿ. ಏನಿದೆಯೋ ಅದನ್ನು ಅಕ್ಷರ ಅಕ್ಷರವಾಗಿ, ತಪ್ಪು ಕಾಗುಣಿತವಿದ್ದರೆ ಅದನ್ನೂ ಹಾಗೆಯೇ, ಮೂಲದ ಸಾಲು ಎಲ್ಲಿ ಮುಗಿಯುತ್ತದೆಯೋ ಅಲ್ಲೇ ನಿಮ್ಮ ಸಾಲನ್ನೂ ಮುಗಿಸಿ ಬರೆದುಕೊಳ್ಳಿ. ಅನುಮಾನವಿದ್ದ ಅಕ್ಷರವನ್ನು ಚೌಕ ಕಂಸದಲ್ಲಿಡಿ.

ಗಣಿಯೂರಿನ ಮರಿಮಗಳು, ಬೆಂಗಳೂರು

ಇಬ್ಬರಿಗೂ ಧನ್ಯವಾದಗಳು. ಎರಡು ರಾತ್ರಿ ಕುಳಿತು ವರ್ಣಮಾಲೆ ಮಾಡಿದೆ. ಗ್ರೇಸ್‌ಳ ಪಕ್ಕದಲ್ಲಿದ್ದ ಗುರುತನ್ನು ತೆಗೆದುಹಾಕಿದ್ದೇನೆ.

ಜಾನ್‌ನ ಸಾಲು ಈಗ ನನಗೆ ಹೀಗೆ ಕಾಣುತ್ತಿದೆ: 'ಐಟಂ, ನನ್ನ ಸನ್ ಇನ್ ಲಾ ಜಾನ್‌ಗೆ' ಎಂದಾದ ಮೇಲೆ 'ವಿ', ಮೇಲೆ 'ಎಲ್‌ಐ', ಅನಂತರ 'ಅವನು ತಲುಪಿದಾಗ ಕೊಡತಕ್ಕದ್ದು' ಎಂಬ ಅರ್ಥದ ಪದಗಳು, ಕೊನೆಗೆ 'ಒನ್' ಮತ್ತು ಒಂದು ಸುರುಳಿ ಗುರುತು, ಅದಾದ ಮೇಲೆ 'ಟಿ'ಯಿಂದ ಶುರುವಾಗಿ ನೆಟ್ಟ ಗೀಟುಗಳ ಸಾಲು. ಆ ಗೀಟುಗಳನ್ನು ಹೇಗೆ ಬಿಡಿಸುವುದೆಂದು ತಿಳಿಯುತ್ತಿಲ್ಲ. ರಿಜಿಸ್ಟರಿನಲ್ಲಿ ಹೂಳಿದ ದಿನಾಂಕದ ಮುಂದೆ 'ಅಫಿಡ್' ಎಂದಿದೆ. ಅದು ಯಾರ ಹೆಸರು?

ಕಡತವಾಚಕ, ಬ್ರಿಸ್ಟಲ್

ಬಹಳ ಚೆನ್ನಾಗಿ ಓದಿದ್ದೀರಿ. 'ಅಫಿಡ್' ಹೆಸರಲ್ಲ, ಅಫಿಡವಿಟ್ ಎಂಬುದರ ಮೊಟಕು. ಇಂಗ್ಲೆಂಡಿನ ಉಣ್ಣೆ ವ್ಯಾಪಾರವನ್ನು ಕಾಪಾಡಲು, ಶವವನ್ನು ಉಣ್ಣೆ ಬಟ್ಟೆಯಲ್ಲಿ ಮಾತ್ರ ಸುತ್ತಿ ಹೂಳಬೇಕೆಂಬ ಕಾನೂನನ್ನು 1666ರಲ್ಲಿಯೂ, ಮತ್ತಷ್ಟು ಬಿಗಿಯಾಗಿ 1678ರಲ್ಲಿಯೂ ಮಾಡಿದ್ದರು. ಹೂಳಿದ ಎಂಟು ದಿನಗಳೊಳಗೆ ಹಾಗೆ ಮಾಡಿದ್ದೇವೆಂದು ಪ್ರಮಾಣ ಮಾಡಬೇಕಿತ್ತು. ಮಾಡದಿದ್ದರೆ 5 ಪೌಂಡ್ ದಂಡ. ನಿಮ್ಮ ಹಿರಿಯನ ವಿಷಯದಲ್ಲಿ ಆ ಪ್ರಮಾಣ ಸಲ್ಲಿಕೆಯಾಗಿತ್ತು ಎಂದಷ್ಟೇ ಅರ್ಥ.

'ವಿ' ಎಂಬುದು ರೋಮನ್ ಅಂಕಿ ಐದು. ಮೇಲಿನ 'ಎಲ್‌ಐ' ಪೌಂಡಿಗೆ ಲ್ಯಾಟಿನ್ ಪದವಾದ ಲಿಬ್ರೆಯ ಮೊಟಕು. ಐದು ಪೌಂಡ್. ನಮ್ಮ ಹಿರಿಯರು ರೂಪಾಯಿ, ಆಣೆ, ಪೈಗಳಲ್ಲಿ ಲೆಕ್ಕ ಬರೆದಂತೆ ಅವರು ಪೌಂಡ್, ಶಿಲ್ಲಿಂಗ್, ಪೆನ್ಸ್‌ಗಳಲ್ಲಿ ಬರೆದರು: 12 ಪೆನ್ಸ್‌ಗೆ 1 ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ 1 ಪೌಂಡ್. ಮುಂದೆ ಎಲ್ಲಿಯಾದರೂ 6 ಶಿಲ್ಲಿಂಗ್ 8 ಪೆನ್ಸ್ ಎಂಬ ವಿಚಿತ್ರ ಮೊತ್ತ ಕಂಡರೆ ಗಾಬರಿಯಾಗಬೇಡಿ. ಅದು ಪೌಂಡಿನ ಮೂರನೆಯ ಒಂದು ಭಾಗ. ಅಂಕಿಗಳ ಸಾಲಿನಲ್ಲಿ ಕೊನೆಯ 'ಐ' ಅನ್ನು 'ಜೆ' ಎಂದು ಬಾಲ ಇಳಿಸಿ ಬರೆಯುತ್ತಿದ್ದರು, ಅನಂತರ ಯಾರೂ ಇನ್ನೊಂದು ಗೀಟು ಸೇರಿಸಬಾರದೆಂದು.

ಇನ್ನು ಆ ಗೀಟುಗಳು. 'ಎಂ', 'ಎನ್', 'ಯು', 'ಐ', 'ಡಬ್ಲ್ಯೂ' ಎಲ್ಲವೂ ಒಂದೇ ಅಳತೆಯ ನೆಟ್ಟ ಗೀಟುಗಳಿಂದ ಆದವು. ಅವುಗಳನ್ನು ಅಕ್ಷರವಾಗಿ ನೋಡುವ ಮೊದಲು ಪೆನ್ಸಿಲ್ ಮೊನೆಯಿಟ್ಟು ಎಣಿಸಿ. 'ಟಿ' ಆದ ಮೇಲೆ ಮೊದಲ ಮೂರು ಗೀಟುಗಳಲ್ಲಿ ಕೊನೆಯದು ಮೇಲೆ ಒಳಕ್ಕೆ ಬಾಗಿದೆ; ಅದು 'ಡಬ್ಲ್ಯೂ'. ಅನಂತರ ಹಿಂದುಮುಂದಾದ 'ಇ', ಎರಡು ಗೀಟಿನ 'ಎನ್', 'ಟಿ', 'ವೈ'. ಅಂದರೆ ಟ್ವೆಂಟಿ. ನೀವು ಕಂಡ ಸುರುಳಿ ಗುರುತು 'ಮತ್ತು' ಎಂಬುದರ ಸಂಕೇತ. ಒಟ್ಟಾಗಿ: 'ಅವನಿಗೆ ಒಂದು ಮತ್ತು ಇಪ್ಪತ್ತು ವರ್ಷ ವಯಸ್ಸು ತುಂಬಿದಾಗ ಕೊಡತಕ್ಕದ್ದು.'

ಈಗ ಸ್ವಲ್ಪ ನಿಂತು ಯೋಚಿಸಿ. ಉಯಿಲು ಬರೆದಾಗ ಜಾನ್‌ಗೆ ಇನ್ನೂ 21 ವರ್ಷ ಆಗಿರಲಿಲ್ಲ. ಆತ ಮಗಳ ಗಂಡನಾಗಿರುವುದು ಅಸಾಧ್ಯವಲ್ಲದಿದ್ದರೂ, ಬಹಳ ಅನುಮಾನದ ಮಾತು. 17ನೆಯ ಶತಮಾನದಲ್ಲಿ 'ಸನ್ ಇನ್ ಲಾ' ಎಂದರೆ ಅಳಿಯನೂ ಹೌದು, ಮಲಮಗನೂ ಹೌದು. ನಮ್ಮ ಭಾಷೆಯಲ್ಲಿ 'ಮಾವ' ಎಂದರೆ ತಾಯಿಯ ಸೋದರನೋ ಹೆಂಡತಿಯ ತಂದೆಯೋ ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕಲ್ಲವೇ, ಹಾಗೆ. ಅದೇ ರೀತಿ 'ಕಸಿನ್' ಎಂಬ ಪದವನ್ನು ಸೋದರಳಿಯ, ಸೋದರಸೊಸೆಯರಿಗೂ ಬಳಸುತ್ತಿದ್ದರು.

ಸಂದರ್ಭ ನಿಮ್ಮ ಮೂರನೆಯ ಸಾಲಿನಲ್ಲಿದೆ. ಕಾರ್ನ್‌ವಾಲ್ ಮತ್ತು ಡೆವನ್ ಕಡೆಗಳಲ್ಲಿ ಸಾಮಾನ್ಯರು ಮನೆ ಜಮೀನುಗಳನ್ನು ಬಹುಮಟ್ಟಿಗೆ 'ಮೂರು ಜೀವಗಳ' ಗುತ್ತಿಗೆಯಲ್ಲಿ ಹಿಡಿಯುತ್ತಿದ್ದರು. ಗುತ್ತಿಗೆ 99 ವರ್ಷದ್ದೆಂದು ಬರೆದರೂ, ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವರು ಸತ್ತ ದಿನವೇ ಅದು ಮುಗಿಯುತ್ತಿತ್ತು. ಹಾಗಾಗಿ ಬಹಳ ದಿನ ಬದುಕಬಲ್ಲ ಮಕ್ಕಳ ಹೆಸರುಗಳನ್ನು ಸೇರಿಸುತ್ತಿದ್ದರು. ಕುಟುಂಬದ ಸಂಬಂಧಗಳು ಈ ಗುತ್ತಿಗೆಯ ಮಾತುಗಳಲ್ಲಿ ಸಿಗುವಷ್ಟು ಸ್ಪಷ್ಟವಾಗಿ ರಿಜಿಸ್ಟರಿನಲ್ಲಿಯೂ ಕೆಲವೊಮ್ಮೆ ಸಿಗುವುದಿಲ್ಲ. ಇಷ್ಟು ತಿಳಿದುಕೊಂಡು ಆ ವಾಕ್ಯವನ್ನು ಮತ್ತೆ ಓದಿ, 'ಜಾನ್' ಎಂಬ ಹೆಸರಿನ ಮುಂದಿನ ಎರಡು ಪದಗಳನ್ನು ಬಿಡಿಸಿ.

ಗಣಿಯೂರಿನ ಮರಿಮಗಳು, ಬೆಂಗಳೂರು

'ಹರ್ ಸನ್.' ಅವಳ ಮಗ.

ಇಡೀ ವಾಕ್ಯ ಈಗ ಓದಲು ಬರುತ್ತಿದೆ: 'ನಾನು ಈಗ ವಾಸವಾಗಿರುವ ಮನೆ ಜಮೀನಿನಲ್ಲಿ ಉಳಿದಿರುವ ಹಕ್ಕನ್ನೆಲ್ಲ ನನ್ನ ಈಗಿನ ಹೆಂಡತಿಗೆ, ಆಕೆಯ ಮತ್ತು ಆಕೆಯ ಮಗ ಜಾನ್‌ನ ಜೀವವಿರುವವರೆಗೆ.' ಹಾಗಾದರೆ ಆತ ನನ್ನ ಮೂಲಜ್ಜನಲ್ಲ. ಜಾನ್‌ನ ಮಲತಂದೆ. ಆರು ತಿಂಗಳಿನಿಂದ ಆತನ ಹೆಸರನ್ನು ಮನೆಯ ವಂಶವೃಕ್ಷದ ಮೇಲ್ತುದಿಯಲ್ಲಿ ಬರೆದಿಟ್ಟಿದ್ದೆ. ಮನಸ್ಸಿಗೆ ಸ್ವಲ್ಪ ನೋವಾಗಿದೆ, ಏಕೆಂದರೆ ತನ್ನದಲ್ಲದ ಮಗನಿಗೆ ಐದು ಪೌಂಡ್ ಬರೆದಿಟ್ಟ ಈ ಮನುಷ್ಯನ ಮೇಲೆ ನನಗೆ ಅಭಿಮಾನ ಬೆಳೆದಿತ್ತು.

'ಈಗಿನ ಹೆಂಡತಿ' ಎಂದಿರುವುದರಿಂದ ಆತನಿಗೂ ಮೊದಲು ಇನ್ನೊಂದು ಮದುವೆಯಾಗಿತ್ತೇ?

ಕಡತವಾಚಕ, ಬ್ರಿಸ್ಟಲ್

ಆ ಪದದಿಂದ ಅದನ್ನು ತೀರ್ಮಾನಿಸಲಾಗದು. ತಾನು ಸತ್ತಾಗ ಬದುಕಿರುವ ಯಾವುದೋ ಹೆಂಡತಿಗಲ್ಲ, ಈ ದಿನ ಇರುವ ಹೆಂಡತಿಗೇ ಸಲ್ಲಬೇಕೆಂದು ನಿರ್ದಿಷ್ಟಪಡಿಸಲು ಬರಹಗಾರರು ಹಾಗೆ ಬರೆಯುತ್ತಿದ್ದರು.

ದಂಡು ಪ್ರದೇಶ, ಬೆಂಗಳೂರು

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಕೋಲಾರದ ಮುತ್ತಜ್ಜನಿಂದ ಈ ಜಾನ್‌ನವರೆಗೆ ಸುಮಾರು 200 ವರ್ಷಗಳ ಅಂತರವಿದೆ. ಪ್ರತಿಯೊಂದು ಕೊಂಡಿಗೂ ಆಧಾರ ಇದೆಯೇ? ಕಾರ್ನ್‌ವಾಲಿನ ಗಣಿ ಊರುಗಳಲ್ಲಿ ಒಂದೇ ಹೆಸರಿನ, ಒಂದೇ ಮನೆತನದ ಮೂರು ನಾಲ್ಕು ಜನ ಏಕಕಾಲಕ್ಕೆ ಇರುವುದು ಸಾಮಾನ್ಯ. ಜಾಲತಾಣದ ಸೂಚಿಯಲ್ಲಿ ಹೆಸರು ಹೊಂದಿತೆಂದು ಒಪ್ಪಿಕೊಂಡರೆ ಸಾಲದು.

ಭಾರತದ ಕಡೆಯ ದಾಖಲೆಗಳ ಬಗ್ಗೆಯೂ ಹೇಳುತ್ತೇನೆ. ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಹೂಳಿದ ವಿವರಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ: ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಮುಂಬಯಿಗೆ ಎನ್/3 ಸರಣಿ. ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಎನ್/2. ಅವು ಮೂಲವಲ್ಲ, ಗುಮಾಸ್ತರು ನಕಲು ಮಾಡಿದ ಪ್ರತಿಗಳು ಎಂಬುದನ್ನು ಮರೆಯಬಾರದು. ಮೊಟಕಾಗಿ ಬರೆದ ಜೇಮ್ಸ್ ಅನ್ನು ಜೋಸೆಫ್ ಎಂದು ನಕಲು ಮಾಡಿದ್ದನ್ನು ನಾನೇ ಕಂಡಿದ್ದೇನೆ. ಸ್ಥಳೀಯ ಚರ್ಚಿನ ಮೂಲ ಪುಸ್ತಕ ಉಳಿದಿದ್ದರೆ ಅದನ್ನು ತಾಳೆ ನೋಡಲೇಬೇಕು.

ಗಣಿಯೂರಿನ ಮರಿಮಗಳು, ಬೆಂಗಳೂರು

ಪ್ರಶ್ನೆ ನ್ಯಾಯವಾದದ್ದು ಸರ್. ಮುತ್ತಜ್ಜನ ಮದುವೆ ಪತ್ರದಲ್ಲಿ ತಂದೆಯ ಹೆಸರು ಮತ್ತು ಉದ್ಯೋಗ ಇವೆ. 1841ರಿಂದ 1881ರವರೆಗಿನ ಜನಗಣತಿಗಳಲ್ಲಿ ಕುಟುಂಬ ಅದೇ ಊರಿನಲ್ಲಿ ಸಿಗುತ್ತದೆ. 1813ರಿಂದ ಆಚೆಗೆ ರಿಜಿಸ್ಟರುಗಳು ಮುದ್ರಿತ ನಮೂನೆಯಲ್ಲಿರುವುದರಿಂದ ತಂದೆಯ ಕೆಲಸವೂ ವಾಸಸ್ಥಳವೂ ಸಿಗುತ್ತವೆ. ನಡುವೆ ಒಂದು ತಲೆಮಾರಿನ ದೀಕ್ಷಾಸ್ನಾನ ಪ್ಯಾರಿಷ್ ಚರ್ಚಿನಲ್ಲಿ ಸಿಗಲಿಲ್ಲ. ಆ ಕುಟುಂಬ ಮೆಥಡಿಸ್ಟ್ ಪಂಥಕ್ಕೆ ಸೇರಿದ್ದರಿಂದ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ, ಪ್ಯಾರಿಷ್ ಚರ್ಚಿನ ಹೊರಗಿನ ಪಂಥಗಳ ರಿಜಿಸ್ಟರುಗಳ ಆರ್‌ಜಿ 4 ಸರಣಿಯಲ್ಲಿ ಸಿಕ್ಕಿತು. 1754ರ ಹಿಂದೆ ಮದುವೆಯ ದಾಖಲೆಗಳಲ್ಲಿ ಸಹಿ, ಸಾಕ್ಷಿಗಳಿಲ್ಲ. ಅಲ್ಲಿ ಎರಡು ಕೊಂಡಿಗಳನ್ನು ಉಯಿಲುಗಳಿಂದ ಭದ್ರಪಡಿಸಿದ್ದೇನೆ. ಜಾನ್ 1740ರ ದಶಕದಲ್ಲಿ ಬರೆಸಿದ ಉಯಿಲಿನಲ್ಲಿ ಇದೇ ಮನೆ ಜಮೀನಿನ ಹೆಸರು ಬರುತ್ತದೆ.

ಈಗ ಜಾನ್‌ನ ನಿಜವಾದ ತಂದೆಯನ್ನು ಹುಡುಕಬೇಕು. ಎಲ್ಲಿಂದ ಆರಂಭಿಸಲಿ?

ಕಡತವಾಚಕ, ಬ್ರಿಸ್ಟಲ್

1740ರ ದಶಕದ ಉಯಿಲಿನಲ್ಲಿಯೂ ಅದೇ ಜಮೀನು ಬರುವುದು ಬಲವಾದ ಆಧಾರ.

ತಾಯಿಯ ಎರಡನೆಯ ಮದುವೆಯಿಂದ ಆರಂಭಿಸಿ. ಗ್ರೇಸ್ 1692ರಲ್ಲಿ ಹುಟ್ಟಿದ್ದರಿಂದ ಅದಕ್ಕೆ ಹಿಂದಿನ ಐದಾರು ವರ್ಷಗಳ ಮದುವೆಗಳನ್ನು ಸೂಚಿಯಲ್ಲಲ್ಲ, ರಿಜಿಸ್ಟರಿನ ಚಿತ್ರದಲ್ಲೇ ಪುಟ ಪುಟವಾಗಿ ನೋಡಿ. ಸೂಚಿ ಮಾಡಿದವರು ಹೆಸರು, ದಿನಾಂಕ ಮಾತ್ರ ಎತ್ತಿಕೊಳ್ಳುತ್ತಾರೆ. ಅಂಚಿನಲ್ಲಿ ಬರೆದ 'ವಿಧವೆ' ಎಂಬಂಥ ಮಾತು ಬಿಟ್ಟುಹೋಗುತ್ತದೆ. ಪುಟ ಹಾಳಾಗಿದ್ದರೆ ಬಿಷಪ್ಪರಿಗೆ ವರ್ಷವರ್ಷವೂ ಕಳುಹಿಸುತ್ತಿದ್ದ ಪ್ರತಿಗಳನ್ನು ನೋಡಿ. ಮೊದಲ ಗಂಡನ ಉಯಿಲು ಸಿಗದಿದ್ದರೆ ನಿರಾಶರಾಗಬೇಡಿ. ಕಾರ್ನ್‌ವಾಲ್ ಆಗ ಎಕ್ಸೆಟರ್ ಬಿಷಪ್ಪರ ವ್ಯಾಪ್ತಿಯಲ್ಲಿತ್ತು. ನಿಮ್ಮ ಉಯಿಲು ಬಿಷಪ್ಪರ ಕೈಕೆಳಗಿನ ಅಧಿಕಾರಿಯಾದ ಕಾರ್ನ್‌ವಾಲಿನ ಆರ್ಚ್‌ಡೀಕನ್ ನ್ಯಾಯಾಲಯದಲ್ಲಿ ಸಾಬೀತಾದದ್ದರಿಂದ ಉಳಿದಿದೆ. ಎಕ್ಸೆಟರ್‌ನಲ್ಲಿ ಸಾಬೀತಾದವು 1942ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು.

ಗಣಿಯೂರಿನ ಮರಿಮಗಳು, ಬೆಂಗಳೂರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮದುವೆ 1688ರಲ್ಲಿ ಸಿಕ್ಕಿತು. ವಧುವಿನ ಹೆಸರಿನ ಮುಂದೆ 'ವಿಡ್' ಎಂದು, ಅಂದರೆ ವಿಧವೆ ಎಂದು, ಮೊಟಕಾಗಿ ಬರೆದಿದೆ, ಮತ್ತು ಆಕೆಯ ಮನೆತನದ ಹೆಸರು ಜಾನ್‌ನದೇ. ಜಾನ್‌ನ ದೀಕ್ಷಾಸ್ನಾನ 1677ರಲ್ಲಿ ಆಗಿದೆ. ಹಾಗಾಗಿ ಉಯಿಲಿನ ಹೊತ್ತಿಗೆ ಅವನಿಗೆ ಸುಮಾರು ಹದಿನೈದು ವರ್ಷ.

ಅವನ ತಂದೆಯನ್ನು ಹೂಳಿದ್ದು 1685ರ ನವೆಂಬರ್‌ನಲ್ಲಿ. ಆ ಪುಟದಲ್ಲಿ ಉಳಿದವರಿಗೆಲ್ಲ ಹೆಸರು ಮತ್ತು ದಿನಾಂಕ ಮಾತ್ರ ಇವೆ. ಈತನ ಹೆಸರಿನ ಮುಂದೆ ಪಾದ್ರಿಯು ನಾಲ್ಕು ಪದಗಳನ್ನು ಸೇರಿಸಿದ್ದಾರೆ. ಶಾಯಿ ಮಸುಕಾಗಿದೆ. ಯಾರ ಸಹಾಯವೂ ಇಲ್ಲದೆ ಓದಿದ್ದೇನೆ, ಸರಿಯಿದೆಯೇ ನೋಡಿ: 'ಕಿಲ್ಡ್ ಇನ್ ಯೆ ಟಿನ್‌ವರ್ಕ್.' ತವರದ ಗಣಿಯಲ್ಲಿ ಸತ್ತವನು.

ಕಡತವಾಚಕ, ಬ್ರಿಸ್ಟಲ್

ಸರಿಯಾಗಿ ಓದಿದ್ದೀರಿ. ಒಂದು ತಿದ್ದುಪಡಿ ಮಾತ್ರ: 'ಯೆ' ಎಂದು ಕಾಣುವುದನ್ನು 'ದ' ಎಂದೇ ಓದಬೇಕು, ಅಲ್ಲಿರುವುದು 'ವೈ' ಅಲ್ಲ, 'ತ್' ಧ್ವನಿಗಿದ್ದ ಹಳೆಯ ಅಕ್ಷರವೊಂದರ ಉಳಿದ ರೂಪ. ನಿಮ್ಮ ಪ್ರತಿಯಲ್ಲಿ ಪಾದ್ರಿಯ ಕಾಗುಣಿತವನ್ನು ಹಾಗೆಯೇ ಉಳಿಸಿ, ಪುಟದ ಸಂಖ್ಯೆಯನ್ನೂ ಬರೆದಿಡಿ. ಆ ವಾರದ ಮುಂದಿನ ಹೆಸರುಗಳನ್ನೂ ನೋಡಿ ಮೇಡಂ. ಗಣಿ ಕುಸಿದಿದ್ದರೆ ಅದೇ ದಿನ ಅಥವಾ ಮರುದಿನ ಹೂಳಿದವರು ಇನ್ನೂ ಕೆಲವರಿರಬಹುದು.

ಗಣಿಯೂರಿನ ಮರಿಮಗಳು, ಬೆಂಗಳೂರು

ಇನ್ನೊಬ್ಬನಿದ್ದಾನೆ. ಅದೇ ಮನೆತನದ ಹೆಸರು, ಮರುದಿನದ ದಿನಾಂಕ. ಆತನ ಮುಂದೆ ಬರೆದಿರುವುದು ಒಂದೇ ಪದ, 'ಬ್ರದರ್'.